ಡೆಸ್ ಟ್ರಾಂಟರನ ಹಸಿರು ಟೋಪಿ

ನಮ್ಮ ಬೀದಿಯಲ್ಲೆಲ್ಲ ಅತ್ಯಂತ ನಿರ್ಮಲವಾದ ಈಜುಕೊಳ ಡೆಸ್ ಟ್ರಾಂಟರನದು; ಆ ಕೊಳದಲ್ಲಿ ಡೆಸ್ ಟ್ರಾಂಟರ್ ಈಜಿದ್ದನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಉತ್ತರದ ಅಂಚಿನ ಈ ಬೀದಿಯಲ್ಲಿ ಡಿಸೆಂಬರಿನ ಬೇಸಿಗೆ ಬಂತೆಂದರೆ ಮನೆಮನೆಯ ಹಿತ್ತಲಿನಿಂದಲೂ ನೀರಿಗೆ ಧುಮುಕುವ ಸದ್ದು, ಮಕ್ಕಳ ಕಿರುಚಾಟ, ಒದ್ದೆ ನಾಯಿ ಮೈ ಕೊಡವಿದ್ದಕ್ಕೆ ಯಾರೋ ಬೈಯುವುದು, ಎಲ್ಲ ಒಟ್ಟೊಟ್ಟಿಗೇ ಕೇಳಿಬರುತ್ತವೆ. ಅಂಥ ಹೊತ್ತಿನಲ್ಲಿ ಡೆಸ್ ತನ್ನ ಕೊಳದ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಮೊಣಕಾಲಿನ ಮೇಲೆ ಅಂಗೈ ಊರಿಕೊಂಡು, ಮದುವೆಮನೆಯಲ್ಲಿ ಎಲ್ಲರ ಎಲೆಯನ್ನೂ ಗಮನಿಸುತ್ತ ತಾನು ಮಾತ್ರ ಊಟಕ್ಕೆ ಕೂರದ ಅಡುಗೆಭಟ್ಟನ ಹಾಗೆ, ಬೇರೆಯವರು ಆಡುವುದನ್ನು ನೋಡುತ್ತಿರುತ್ತಾನೆ. "ನೀನ್ಯಾಕೆ ಇಳಿಯಲ್ಲ?" ಎಂದು ಕೇಳಿದರೆ, "ನೀರು ಒದ್ದೆ ಇರುತ್ತೆ ಮಾರಾಯ್ತಿ" ಎನ್ನುತ್ತಾನೆ. ಬೇಲಿಯಾಚೆಯ ಮನೆಯವಳಾಗಿ ಇಷ್ಟು ವರ್ಷ ಕಳೆದರೂ ಇದಕ್ಕಿಂತ ಉತ್ತಮವಾದ ಉತ್ತರ ನನಗೆ ಸಿಕ್ಕಿಲ್ಲ.

ಮೊದಮೊದಲು ನಾನು ಅವನನ್ನು "ಮಿಸ್ಟರ್ ಟ್ರಾಂಟರ್" ಎಂದು ಕರೆದಾಗ ಅವನು ಗಾಬರಿಯಿಂದ ಹಿಂದೆ ತಿರುಗಿ, "ಯಾರು, ನಮ್ಮಪ್ಪ ಎದ್ದು ಬಂದ್ನಾ?" ಎಂದು ಕೇಳಿದ್ದ. ಅಂದಿನಿಂದ ಅವನು ಡೆಸ್. ಮತ್ತು ಅದೇ ದಿನ, ನನ್ನ ಒಪ್ಪಿಗೆಯನ್ನೇನೂ ಕೇಳದೆ, ವಸುಂಧರಾ ಎಂಬ ನನ್ನ ಹೆಸರನ್ನು ಕತ್ತರಿಸಿ, ಒರೆಸಿ, ಬೀದಿಯ ಬಳಕೆಗೆ ತಕ್ಕಂತೆ "ವಝಾ" ಎಂದು ಮಾಡಿಟ್ಟ. ನನ್ನ ತಾಯಿ ಬಂದಿದ್ದಾಗ ಬೇಲಿಯಾಚೆಯಿಂದ ಈ ಕೂಗು ಕೇಳಿ, ಯಾವುದೋ ಸಾಕುಪ್ರಾಣಿಯನ್ನು ಕರೆಯುತ್ತಿದ್ದಾನೆಂದು ತಿಳಿದು ಸುಮ್ಮನಿದ್ದರು.

ಅವನು ಎತ್ತರದ, ಒಣಕಲು ಮೈಯ, ದೊಡ್ಡ ಕಿವಿಗಳ ಮನುಷ್ಯ. ಆಯುಷ್ಯದ ಬಹುಭಾಗ ಅಂಚೆ ಹಂಚಿದವನಾದ್ದರಿಂದ ಅವನ ನಡಿಗೆಯಲ್ಲೊಂದು ವಿಚಿತ್ರವಾದ ತಾಳ ಉಳಿದುಬಿಟ್ಟಿದೆ: ನಾಲ್ಕು ಹೆಜ್ಜೆ ಚುರುಕಾಗಿ ಇಡುತ್ತಾನೆ, ಯಾರದೋ ಮನೆಯ ಅಂಚೆಪೆಟ್ಟಿಗೆ ಎದುರಾಗುತ್ತಲೇ ವೇಗ ತಾನಾಗಿ ತಗ್ಗುತ್ತದೆ, ಇಲ್ಲದ ಚೀಲದ ಭಾರಕ್ಕೆ ಎಡಭುಜ ತುಸು ಬಾಗುತ್ತದೆ, ಮತ್ತೆ ಮುಂದೆ ಹೊರಡುತ್ತಾನೆ. ಮಾತಿಗೂ ಅಂಥದೇ ಒಂದು ನಿಲುಗಡೆ ಇದೆ. ಪ್ರತಿ ವಾಕ್ಯದ ತುದಿಗೂ "ಹಾಂ?" ಎಂಬೊಂದು ಪ್ರಶ್ನೆ ಸೇರಿಸಿ, ಲೋಕದಲ್ಲಿ ಯಾವ ಸಂಗತಿಯೂ ಎದುರಿನವರ ಒಪ್ಪಿಗೆಯಿಲ್ಲದೆ ನಿಜವಾಗುವುದಿಲ್ಲವೆಂಬಂತೆ ಮಾತಾಡುತ್ತಾನೆ. "ಇವತ್ತು ಸೆಕೆ, ಹಾಂ?" "ಮಾವು ಈ ಸಲ ಹುಳಿ, ಹಾಂ?" ಅವನ ಹೆಂಡತಿ ತೀರಿಕೊಂಡ ಬೆಳಗ್ಗೆಯೂ ನಮ್ಮ ಬಾಗಿಲಿಗೆ ಬಂದು ನಿಂತು, "ನೋಲೀನ್ ಹೋದ್ಲು, ಹಾಂ?" ಎಂದಿದ್ದ. ನಾನು ಬಾಗಿಲು ಪೂರ್ತಿ ತೆರೆದು ಅವನಿಗೊಂದು ಕುರ್ಚಿ ಎಳೆದುಕೊಟ್ಟೆ.

ಇನ್ನು ಟೋಪಿ. ಟವೆಲ್ ಬಟ್ಟೆಯಲ್ಲಿ ಹೊಲಿದ, ಅಂಚು ಜೋತುಬಿದ್ದ, ಗಾಢ ಹಸಿರು ಬಣ್ಣದ ಟೋಪಿ. ಯಾವುದೋ ಕಡಲತೀರದ ಅಂಗಡಿಯಲ್ಲಿ ನೋಲೀನ್ ಕೊಡಿಸಿದ್ದು. ಬಿಸಿಲು ಏರಿದಾಗ ಅದನ್ನು ತಲೆಯಿಂದ ಕಿತ್ತು, ಕೊಳದಲ್ಲಿ ಅದ್ದಿ, ಹಿಂಡದೆ ಹಾಗೆಯೇ ತಲೆಗೆ ಏರಿಸಿಕೊಳ್ಳುವುದು ಅವನ ಪದ್ಧತಿ. ನೀರು ಕಿವಿಯ ಹಿಂದಿನಿಂದ ಇಳಿದು ಕೊರಳಿಗೆ ಬರುವಾಗ ಅವನು ಕಣ್ಣು ಮುಚ್ಚಿ ಒಂದು ಕ್ಷಣ ಸಮಾಧಿಸ್ಥನಾಗುತ್ತಾನೆ. ಕೊಳಕ್ಕೂ ಅವನ ದೇಹಕ್ಕೂ ಇರುವ ಸಂಬಂಧ ಇಷ್ಟೇ.

ಆದರೆ ಕೊಳಕ್ಕೂ ಅವನ ಬುದ್ಧಿಗೂ ಇರುವ ಸಂಬಂಧ ಬೇರೆಯೇ ಮಟ್ಟದ್ದು. ಇಲ್ಲಿಗೆ ಬಂದ ಹೊಸತರಲ್ಲಿ ನಾನು, ಎಲ್ಲೋ ಕೇಳಿದ್ದನ್ನು ನಂಬಿ, "ನಿನ್ನದು ಉಪ್ಪುನೀರಿನ ಕೊಳ, ಒಳ್ಳೇದಾಯ್ತು ಬಿಡು, ಕ್ಲೋರಿನ್ ಕಾಟ ಇಲ್ಲ" ಎಂದು ಶಿಫಾರಸು ಪತ್ರ ಕೊಡುವವಳಂತೆ ಹೇಳಿದ್ದೆ. ಡೆಸ್ ನನ್ನನ್ನು ಮರುಕದಿಂದ ನೋಡಿ, ಪಂಪಿನ ಪಕ್ಕದಲ್ಲಿ ಗುಂಯ್ ಎನ್ನುತ್ತಿದ್ದ ಒಂದು ಪೆಟ್ಟಿಗೆಯ ಬಳಿಗೆ ಕರೆದೊಯ್ದ.

"ಇದರೊಳಗೆ ಉಪ್ಪುನೀರು ಹೋಗುತ್ತೆ. ಕರೆಂಟು ಹೊಡೆಯುತ್ತೆ. ಆಚೆ ಬರೋದೇನು? ಕ್ಲೋರಿನ್ನು. ಉಪ್ಪಿನ ಕೊಳದಲ್ಲಿ ಕ್ಲೋರಿನ್ ಇಲ್ಲ ಅನ್ನೋದು, ಹಸು ಕಟ್ಟಿದ ಮನೇಲಿ ಹಾಲಿಲ್ಲ ಅಂದಂಗೆ, ಹಾಂ?"

ಹತ್ತು ಲಕ್ಷ ಭಾಗ ನೀರಿಗೆ ಕ್ಲೋರಿನ್ ಎರಡೋ ಮೂರೋ ಭಾಗ ಇದ್ದರೆ ಸಾಕು ಎಂದು ಅವನಿಂದ ತಿಳಿದಾಗ ನನಗೆ ನಂಬಲಾಗಲಿಲ್ಲ. "ಒಂದಕ್ಕಿಂತ ಕೆಳಗಿಳಿದ್ರೆ ಕ್ರಿಮಿಗಳ ರಾಜ್ಯ. ಎರಡು ಮೂರು ಇದ್ರೆ ನಮ್ಮ ರಾಜ್ಯ. ಹತ್ತು ದಾಟ್ತೋ, ಅದು ಯಾರ ರಾಜ್ಯಾನೂ ಅಲ್ಲ, ಗೇಟು ಹಾಕ್ಕೊಂಡು ಮನೆಗೆ ಹೋಗು" ಎಂದ. ಕೊಳದಿಂದ ಮೂಗಿಗೆ ಬಡಿಯುವ ಆ ಘಾಟು ವಾಸನೆ ಶುಚಿತ್ವದ ಲಕ್ಷಣವೆಂಬ ನನ್ನ ಇನ್ನೊಂದು ನಂಬಿಕೆಯನ್ನೂ ಅದೇ ಬಿಸಿಲಲ್ಲಿ ಮುಗಿಸಿಬಿಟ್ಟ. ಅದು ಬೆವರು, ಉಚ್ಚೆಗಳ ಜೊತೆ ಕುಸ್ತಿಯಾಡಿ ಸೋತ ಕ್ಲೋರಿನ್ನಿನ ನಾತವಂತೆ. ದುಡಿಯುವ ಕ್ಲೋರಿನ್ನು ಸದ್ದು ಮಾಡುವುದಿಲ್ಲವಂತೆ. ಒಂದು ಮಗು ಆಟವಾಡಿ ಸುಖವಾಗಿ ಮನೆಗೆ ಮರಳುವುದಕ್ಕೂ ಜ್ವರ ಹಿಡಿದು ಮಲಗುವುದಕ್ಕೂ ನಡುವೆ ಇಷ್ಟು ಅಣುಮಾತ್ರವಾದ ಅಂತರವಿದೆಯೆಂಬುದು ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ನಾನು ಯಾವುದಾದರೊಂದು ನೆಪ ಮಾಡಿಕೊಂಡು ಅವನ ಪರೀಕ್ಷೆಯ ಹೊತ್ತಿಗೆ ಬೇಲಿಯ ಬಳಿ ಸುಳಿಯತೊಡಗಿದೆ.

ಪರೀಕ್ಷೆ ಎನ್ನುವುದಕ್ಕಿಂತ ಅದನ್ನೊಂದು ನಿತ್ಯಪೂಜೆ ಎನ್ನಬಹುದಿತ್ತು, ಮತ್ತು ಅದಕ್ಕೆ ದಂಪತಿಗಳಿಬ್ಬರೂ ಬೇಕಿತ್ತು. ಡೆಸ್ ಕೊಳದ ಅಂಚಿನಲ್ಲಿ ಮಂಡಿಯೂರಿ, ತೋಳನ್ನು ಮೊಣಕೈವರೆಗೆ ಇಳಿಸಿ, ಆಳದ ನೀರನ್ನು ಒಂದು ಪುಟ್ಟ ಗಾಜಿನ ನಳಿಗೆಯಲ್ಲಿ ತುಂಬಿ, ಅದಕ್ಕೊಂದು ಮಾತ್ರೆ ಹಾಕುತ್ತಿದ್ದ. ನೋಲೀನ್, ದಪ್ಪ ಮೈಯ, ಗಟ್ಟಿ ಗಂಟಲಿನ ಹೆಂಗಸು, ಪಕ್ಕದಲ್ಲಿ ಕೂತು ನಳಿಗೆಯ ಹಿಂದೆ ಬಿಳಿಯ ಬಸಿಯೊಂದನ್ನು ಹಿಡಿದು ನೋಡುತ್ತಿದ್ದಳು. ನೀರಿನಲ್ಲಿ ಕ್ಲೋರಿನ್ ಇದ್ದಷ್ಟೂ ಗುಲಾಬಿ ಬಣ್ಣ ಏರುತ್ತದೆ. ಮಾತ್ರೆಗಳ ಜೊತೆ ಬಂದ ಬಣ್ಣದ ಪಟ್ಟಿಯನ್ನು ನೋಲೀನ್ ಲೆಕ್ಕಕ್ಕೇ ಇಟ್ಟವಳಲ್ಲ. ಅವಳದು ಮೂರೇ ಮಾತು: "ಬಿಳುಪು" ಎಂದರೆ ಕ್ಲೋರಿನ್ ಸಾಲದು, "ಬೀಟ್‌ರೂಟು" ಎಂದರೆ ಅತಿಯಾಯಿತು, "ರೋಸು" ಎಂದರೆ ಎಲ್ಲ ಸರಿ. ಆ "ರೋಸು" ಎಂಬ ಕೂಗು ನಾಲ್ಕು ಹಿತ್ತಲುಗಳನ್ನು ದಾಟಿ ಹೋಗುತ್ತಿತ್ತು. ಕೂಗು ಕೇಳಿದ್ದೇ ತಡ ಬೀದಿಯ ಮಕ್ಕಳು ಟವೆಲ್ ಹೊದ್ದುಕೊಂಡು ಟ್ರಾಂಟರನ ಗೇಟಿನತ್ತ ಓಡುತ್ತಿದ್ದವು. ಕೂಗು ಬೀಳುವ ತನಕ ಮಾತ್ರ, ಯಾರೇ ಬರಲಿ, ಎಷ್ಟೇ ಗೋಗರೆಯಲಿ, ಡೆಸ್ ಗೇಟು ತೆರೆಯುತ್ತಿರಲಿಲ್ಲ. ಒಮ್ಮೆ ಸಾಕ್ಷಾತ್ ಪಾದ್ರಿಗಳನ್ನು ಈಜುಡುಗೆಯಲ್ಲಿ ಹೊರಗೆ ನಿಲ್ಲಿಸಿದ್ದನಂತೆ.

ಗಂಡ ಮಾತ್ರೆ ಹಾಕುವುದು, ಹೆಂಡತಿ ಬಣ್ಣ ಕೂಗುವುದು, ಇದು ಮುದಿ ದಂಪತಿಗಳ ಸಲ್ಲಾಪವೆಂದೇ ನಾವೆಲ್ಲ ತಿಳಿದಿದ್ದೆವು. ಅವರ ಮಗಳು ಟಾನ್ಯಾ ಕೂಡ ಹಾಗೆಯೇ ತಿಳಿದು, "ಅಮ್ಮನ ಅಪ್ಪಣೆ ಇಲ್ದೆ ನಮ್ಮಪ್ಪ ಉಪ್ಪನ್ನೂ ಉಪ್ಪು ಅನ್ನಲ್ಲ" ಎಂದು ನಗುತ್ತಿದ್ದಳು.

ನೋಲೀನ್ ಹೋದದ್ದು ಜುಲೈನ ಚಳಿಯಲ್ಲಿ. ಆ ವರ್ಷದ ಬೇಸಿಗೆಗೆ ಕೂಗು ಬರಲಿಲ್ಲ. ಡೆಸ್ ಒಬ್ಬನೇ ಮಂಡಿಯೂರಿ, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಬಹಳ ಹೊತ್ತು ನೋಡಿ, ಏನೂ ಹೇಳದೆ ಎದ್ದು ಹೋಗುತ್ತಿದ್ದ. ದುಃಖವಿರಬೇಕೆಂದು ನಾವು ಸುಮ್ಮನಿದ್ದೆವು. ಟುವೂಂಬಾ ಊರಿನಿಂದ ಟಾನ್ಯಾ ತನ್ನ ಮಗಳು ಪಿಪ್ಪಾಳನ್ನು ಕರೆತಂದು ಒಂದು ವಾರ ಬಿಟ್ಟು ಹೋದಳು. ಡೆಸ್ ಗೇಟು ತೆರೆದ, ಮಗು ದಿನವೆಲ್ಲ ನೀರಿನಲ್ಲಿತ್ತು. ವಾರ ಮುಗಿಯುವ ಮೊದಲೇ ಕಿವಿಯಲ್ಲಿ ಕೀವು ತುಂಬಿ, ಜ್ವರ ಏರಿ, ಆಸ್ಪತ್ರೆಗೆ ಹೋಗಬೇಕಾಯಿತು. ನೀರು ಕೆಟ್ಟಿರಬೇಕೆಂದು ವೈದ್ಯರು ಹೇಳಿದರು. ನೀರು ನೋಡಲು ಕನ್ನಡಿಯಂತಿತ್ತು, ಕ್ಲೋರಿನ್ ಮಾತ್ರ ಇರಲಿಲ್ಲ.

ಟಾನ್ಯಾ ಜಗಳವಾಡಲಿಲ್ಲ, ಅದೇ ಕಷ್ಟ. ಮಗುವನ್ನು ಕಾರಿನಲ್ಲಿ ಮಲಗಿಸಿ, ನನ್ನೆದುರಿಗೇ ಮೆಲ್ಲಗೆ ಹೇಳಿದಳು: "ಅಪ್ಪಾ, ಅಮ್ಮ ಹೋದ್ಮೇಲೆ ನೀನು ನೀರು ನೋಡೋದು ಬಿಟ್ಟಿದ್ದೀಯ. ಅದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಪಿಪ್ಪಾ ಇನ್ನು ನಿನ್ನ ಕೊಳಕ್ಕೆ ಇಳಿಯಲ್ಲ." ಡೆಸ್ ತಲೆಯಾಡಿಸಿದ. ಆ ಒಂದು ಸಲ ಅವನ ಬಾಯಿಂದ "ಹಾಂ?" ಬರಲಿಲ್ಲ. ಆಮೇಲೆ ಮೊಮ್ಮಗಳು ಬಂದಾಗಲೆಲ್ಲ ಇಬ್ಬರೂ ಜಗಲಿಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ಬೀಗ ಹಾಕಿದ ಗೇಟಿನಾಚೆ ಕೊಳ ಬಿಸಿಲಿಗೆ ಮಿನುಗುತ್ತ ಬಿದ್ದಿರುತ್ತಿತ್ತು.

ಅದಾದ ಮೇಲೆ ಡೆಸ್‌ಗೆ ಹೊಸದೊಂದು ರೂಢಿ ಬಂತು. ಶನಿವಾರ ಬೆಳಗ್ಗೆ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಕೊಳದ ನೀರು ತುಂಬಿಕೊಂಡು, ಈಜುಕೊಳದ ಸಾಮಾನು ಮಾರುವ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಈ ದೇಶದಲ್ಲಿ ಅದೇನೂ ಅಪರೂಪವಲ್ಲ. ಅಲ್ಲಿ ನೀರನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಕೊಡುತ್ತಾರೆ, ಮತ್ತು ನಮ್ಮೂರಿನ ಲ್ಯಾಬಿನ ಮುಂದೆ ಸೀಸೆ ಹಿಡಿದು ನಿಂತವರ ಮುಖದಲ್ಲಿರುವ ಅದೇ ಗಾಂಭೀರ್ಯ ಇಲ್ಲಿ ಶನಿವಾರದ ಗಂಡಸರ ಮುಖದಲ್ಲೂ ಇರುತ್ತದೆ. ಆದರೆ ಮನೆಯಲ್ಲೇ ಮಾತ್ರೆ, ನಳಿಗೆ ಎಲ್ಲ ಇಟ್ಟುಕೊಂಡ, ಅಂಗಡಿಯವರನ್ನು ಎಂದೂ ನಂಬದ ಡೆಸ್ ಅಲ್ಲಿ ನಿಲ್ಲುವುದೆಂದರೇನು? ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ. "ಆ ಅಂಗಡಿ ಹುಡುಗಿ ಚೆನ್ನಾಗಿ ಮಾತಾಡ್ತಾಳೆ, ಹಾಂ?" ಎಂದ. ಮುದುಕನಿಗೆ ಮಾತು ಬೇಕಾಗಿದೆ ಎಂದುಕೊಂಡು ನಾನು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಹೀಗೆ ಒಂದು ವರ್ಷ ಅಂಗಡಿಯ ಚೀಟಿ ತೋರಿಸಿ, ಫೋನಿನಲ್ಲಿ ಅಂಕಿ ಒಪ್ಪಿಸಿ, ಕಡೆಗೂ ಮಗಳ ಮನಸ್ಸು ಕರಗಿಸಿದ. ಕ್ರಿಸ್‌ಮಸ್ಸಿನ ಮಾರನೆಯ ದಿನ ಬರುತ್ತೇನೆ, ನೀರು ಚೆನ್ನಾಗಿದ್ದರೆ ಪಿಪ್ಪಾ ಇಳಿಯಲಿ, ಎಂದಳಂತೆ ಟಾನ್ಯಾ. ಕೂಡಲೇ ಮುಂದಿನ ಮಾತನ್ನೂ ಹೇಳಿದ್ದಳು: "ಇದೊಂದೇ ಸಲ ಅಪ್ಪಾ. ಕೆಟ್ಟಿದ್ರೆ ಮತ್ತೆ ಕೇಳ್ಬೇಡ." ಡೆಸ್ ಈ ಸುದ್ದಿಯನ್ನು ಬೇಲಿಯ ಮೇಲೆ ಗಲ್ಲವೂರಿ ನನಗೆ ಹೇಳಿದಾಗ ಅವನ ದೊಡ್ಡ ಕಿವಿಗಳೂ ಕೆಂಪಾಗಿದ್ದವು.

ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ಪಡುವಣದಿಂದ ಕಪ್ಪು ಮೋಡ ಎದ್ದು ಬಂದು, ಆಲಿಕಲ್ಲು ಸಮೇತ ಸುರಿಯಿತು. ಬೆಳಗಾದರೆ ಡೆಸ್‌ನ ಕೊಳದಲ್ಲಿ ಅರ್ಧ ಮಾವಿನ ಮರ ತೇಲುತ್ತಿತ್ತು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಗಡಿ ಆಗಲೇ ಹಬ್ಬಕ್ಕೆ ಬಾಗಿಲು ಹಾಕಿತ್ತು, ಹೊಸ ವರ್ಷದ ತನಕ ತೆರೆಯುವಂತಿರಲಿಲ್ಲ. ಡೆಸ್ ಆ ಮುಚ್ಚಿದ ಬಾಗಿಲಿನವರೆಗೂ ಬಾಟಲಿ ಹಿಡಿದು ಹೋಗಿ ಬಂದನೆಂದು ಆಮೇಲೆ ತಿಳಿಯಿತು. ಮನೆಗೆ ಬಂದವನೇ ಎಲೆ ಬಾಚಿದ, ಕ್ಲೋರಿನ್ ಮಾಡುವ ಯಂತ್ರವನ್ನು ಪೂರ್ತಿ ವೇಗಕ್ಕಿಟ್ಟ, ಶೆಡ್ಡಿನಿಂದ ದ್ರವ ಕ್ಲೋರಿನ್ನಿನ ಕ್ಯಾನು ತಂದು ಸುರಿದ. ಮಾತ್ರೆ ಹಾಕಿ ನೋಡಿದ, ಮತ್ತೆ ಸುರಿದ. ಕ್ರಿಸ್‌ಮಸ್ಸಿನ ದಿನ, ಬೀದಿಯವರೆಲ್ಲ ಸೀಗಡಿ ಸುಲಿಯುತ್ತ ಕೂತಿದ್ದಾಗಲೂ ಅವನು ಕ್ಯಾನು ಹೊತ್ತು ಓಡಾಡುತ್ತಿದ್ದ, ಬಿಸಿಲಿಗೆ ಟೋಪಿಯನ್ನು ಅದ್ದಿ ಅದ್ದಿ ಹಾಕಿಕೊಳ್ಳುತ್ತಿದ್ದ.

ಆ ಮಧ್ಯಾಹ್ನ ನಾನೊಂದು ತಟ್ಟೆ ಕೋಡುಬಳೆ ಹಿಡಿದು ಹೋದೆ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಡೆಸ್ ತಟ್ಟೆಯತ್ತ ನೋಡದೆ, ಎಂದೂ ಮಾಡದ ಕೆಲಸವೊಂದನ್ನು ಮಾಡಿದ, ನಳಿಗೆಯನ್ನು ನನ್ನ ಮುಂದೆ ಹಿಡಿದು, ಏನೋ ಲೋಕಾಭಿರಾಮವಾಗಿ ಕೇಳುವವನಂತೆ, "ಹೇಗಿದೆ ಬಣ್ಣ?" ಎಂದ.

"ಬಣ್ಣವೇ ಇಲ್ಲ. ಕುಡಿಯೋ ನೀರಿನ ಹಾಗಿದೆ."

ಅವನ ಮುಖದಲ್ಲಿ ಚಿಂತೆಯ ಜೊತೆಗೆ ಎಂಥದೋ ಒಂದು ನಿರಾಳವೂ ಹಾದುಹೋಯಿತು. ಚಿಂತೆ ನನಗೆ ಅರ್ಥವಾಯಿತು, ನಿರಾಳ ಅರ್ಥವಾಗಲಿಲ್ಲ. "ಹಾಗಾದ್ರೆ ನಾನು ನೋಡಿದ್ದೇ ಸರಿ, ಹಾಂ?" ಎಂದವನು ಇನ್ನೊಂದು ಕ್ಯಾನಿನ ಮುಚ್ಚಳ ತಿರುಗಿಸಿದ. ಬಿಳುಪೆಂದರೆ ಸಾಲದು ಎಂದು ನೋಲೀನ್ ಕಾಲದಿಂದ ಕಲಿತಿದ್ದ ನಾನು, ಸಹಾಯ ಮಾಡಿದ ಹೆಮ್ಮೆಯಲ್ಲಿ ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಟಾನ್ಯಾಳ ಕಾರು ಬಂದು ನಿಂತಾಗ ಪಿಪ್ಪಾ ಒಳಗೆ ಆಗಲೇ ಈಜುಗನ್ನಡಕ ಏರಿಸಿಕೊಂಡು ಕೂತಿತ್ತು. ಇಳಿದದ್ದೇ ಗೇಟಿಗೆ ಓಡಿ, ಎರಡೂ ಕೈಯಲ್ಲಿ ಸರಳು ಹಿಡಿದು, "ತಾತಾ, ತೆಗಿ! ತಾತಾ, ತೆಗಿ!" ಎಂದು ಜಗ್ಗತೊಡಗಿತು.

"ನೀರಿಗೆ ಇನ್ನೂ ಹಲ್ಲುಜ್ಜಿಸಿಲ್ಲ ಪುಟ್ಟಿ, ತಡಿ" ಎಂದ ಡೆಸ್. ನನ್ನನ್ನೂ ಕರೆದಿದ್ದ. ಟಾನ್ಯಾ ಕೈಕಟ್ಟಿ ನಿಂತಿದ್ದಳು. ಅವನು ಎಲ್ಲರೆದುರಿಗೆ ಮಂಡಿಯೂರಿದ, ತೋಳು ಇಳಿಸಿದ, ನಳಿಗೆ ತುಂಬಿದ, ಮಾತ್ರೆ ಹಾಕಿ, ಮುಚ್ಚಿ, ಅಲುಗಾಡಿಸಿ ಮೇಲೆತ್ತಿದ. ನಳಿಗೆಯಲ್ಲಿ ಬಣ್ಣದ ಲವಲೇಶವೂ ಇರಲಿಲ್ಲ.

"ಸೊನ್ನೆ" ಎಂದಳು ಟಾನ್ಯಾ. "ಮತ್ತೆ ಸೊನ್ನೆ. ಅಪ್ಪಾ, ತಾತ ಎಲ್ಲಾ ಸರಿ ಮಾಡಿದ್ದಾರೆ ಅಂತ ದಾರಿಯುದ್ದಕ್ಕೂ ಅವಳಿಗೆ ಹೇಳ್ಕೊಂಡು ಬಂದೆ."

"ಎರಡು ದಿನದಿಂದ ಸುರೀತಾನೇ ಇದ್ದೀನಿ. ಹಿಡೀತಾನೇ ಇಲ್ಲ, ಹಾಂ? ಇನ್ನೊಂದು ಕ್ಯಾನು..."

"ಬೇಡ. ಪಿಪ್ಪಾ, ಟವೆಲ್ ತಗೋ. ಹೋಗೋಣ."

ಮಗು ಅಳಲು ಶುರುಮಾಡಿತು. ಡೆಸ್ ಮಂಡಿಯೂರಿದಲ್ಲಿಂದ ಏಳಲಿಲ್ಲ. ಏನು ಮಾಡಬೇಕೆಂದು ತೋಚದೆ ಟೋಪಿ ತೆಗೆದು ನೀರಿಗೆ ಅದ್ದಿ ಮತ್ತೆ ತಲೆಗಿಟ್ಟುಕೊಂಡ. ಇನ್ನು ಇವನ ಆಯುಷ್ಯದಲ್ಲಿ ಈ ಗೇಟು ಆ ಮಗುವಿಗೆ ತೆರೆಯುವುದಿಲ್ಲ ಎಂದು ನನಗೆ ಖಚಿತವಾಯಿತು. ಕಾರಿನತ್ತ ತಿರುಗಿದ್ದ ಟಾನ್ಯಾ ಅಲ್ಲೇ ನಿಂತಳು.

"ಅಪ್ಪಾ, ಅಮ್ಮ ಕೊಡಿಸಿದ ಹಸಿರು ಟೋಪಿ ಎಲ್ಲಿ?"

"ಎಲ್ಲಿ ಅಂದ್ರೆ? ತಲೆ ಮೇಲಿದೆಯಲ್ಲ."

"ಇದು ಹಸಿರಾ?"

"ಹಸಿರಲ್ದೆ ಇನ್ನೇನು?"

ನಾನೂ ಆಗಲೇ ಸರಿಯಾಗಿ ನೋಡಿದ್ದು. ಟೋಪಿ ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು. ಬಿಸಿಲಿಗೆ ಮಾಸಿರಬೇಕೆಂದು ಹಿಂದಿನ ದಿನವೇ ಕಂಡೂ ಕಾಣದಂತೆ ಬಿಟ್ಟಿದ್ದೆ. ಟಾನ್ಯಾ ಬಂದು ಅದನ್ನು ಮೆಲ್ಲಗೆ ಅವನ ತಲೆಯಿಂದ ತೆಗೆದು ಮಗುಚಿದಳು. ಒಳಗಿನ ಪಟ್ಟಿಯ ಮಡಿಕೆಯಲ್ಲಿ ಮಾತ್ರ ಹಳೆಯ ಹಸಿರು ಉಳಿದಿತ್ತು. ಎರಡನ್ನೂ ಅವನ ಕಣ್ಣ ಮುಂದೆ ಹಿಡಿದಳು.

"ಇದೂ ಇದೂ ಒಂದೇ ಥರ ಕಾಣುತ್ತಾ ನಿನಗೆ?"

ಡೆಸ್ ಬಹಳ ಹೊತ್ತು ನೋಡಿದ. "ಒಳಗಡೆ ಸ್ವಲ್ಪ ಕಪ್ಪು. ಒದ್ದೆಗಿರಬೇಕು" ಎಂದ.

ಪಕ್ಕದ ಮನೆಯ ರೇಡಿಯೋದಲ್ಲಿ ಯಾವುದೋ ವಿಕೆಟ್ ಬಿದ್ದು ಜನ ಚಪ್ಪಾಳೆ ತಟ್ಟುತ್ತಿದ್ದರು. ಟಾನ್ಯಾಳ ಮುಖ ನೋಡುತ್ತಿದ್ದಂತೆ ಮೆತ್ತಗಾಯಿತು. "ಅದಕ್ಕೇ ಅಮ್ಮ ಕೂಗ್ತಿದ್ದದ್ದು" ಎಂದಳು. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಬಳಿಕ ಅಡುಗೆಮನೆಗೆ ಹೋಗಿ, ತಾಯಿಯ ಬಿಳಿ ಬಸಿಯನ್ನು ತಂದು, ತಾಯಿ ಕೂರುತ್ತಿದ್ದ ಜಾಗದಲ್ಲಿ ಕೂತು, "ಇನ್ನೊಂದು ಸಲ ಹಾಕು" ಎಂದಳು.

ಅವನು ಮಾತ್ರೆ ಬಿಟ್ಟ. ಈ ಸಲ ಟಾನ್ಯಾ ನಳಿಗೆಯಿಂದ ಕಣ್ಣು ಕೀಳಲಿಲ್ಲ. ಮಾತ್ರೆ ನೀರಿಗೆ ತಾಕಿದ ಕ್ಷಣದಲ್ಲಿ ಅದರ ಸುತ್ತ ಕಡುಗೆಂಪು ಹೊಗೆಯಂಥದೊಂದು ಎದ್ದಿತು. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಳಿಸಿಹೋಗಿ ನೀರು ಮೊದಲಿನಂತೆ ತಿಳಿಯಾಯಿತು.

"ಬಂತು, ಹೋಯ್ತು" ಎಂದಳು ಟಾನ್ಯಾ. "ಅಮ್ಮ ಹೇಳ್ತಿದ್ಲು, ಮಾತ್ರೆ ಬೀಳ್ವಾಗ್ಲೇ ನೋಡ್ಬೇಕು, ಆಮೇಲಲ್ಲ. ಕ್ಲೋರಿನ್ ವಿಪರೀತ ಆದ್ರೆ ಬಣ್ಣಾನೇ ತಿಂದ್ಹಾಕುತ್ತಂತೆ, ನೋಡು ಟೋಪೀದು ತಿಂದಿದೆಯಲ್ಲ ಹಾಗೆ. ಆಗ ಸೊನ್ನೆ ಥರಾನೇ ಕಾಣುತ್ತೆ."

ಖಾತ್ರಿ ಮಾಡಿಕೊಳ್ಳಲು ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಕುಡಿಯುವ ನೀರು ಬೆರೆಸಿ ಮತ್ತೆ ಮಾತ್ರೆ ಹಾಕಿದಳು. ಹಾಗೆ ತೆಳುವಾದ ನೀರೂ ರೋಸು ದಾಟಿ ಬೀಟ್‌ರೂಟಿನತ್ತ ಹೊರಟಿತ್ತು. ಅಂದರೆ ಕೊಳದಲ್ಲಿ ಅದರ ಹತ್ತು ಪಟ್ಟು. ಡೆಸ್‌ನ ಮಾತಿನಲ್ಲಿ ಹೇಳುವುದಾದರೆ ಯಾರ ರಾಜ್ಯವೂ ಅಲ್ಲ. ಮೊದಲ ದಿನ ನೀರು ರೋಸಾಗಿಯೇ ಇದ್ದಿರಬೇಕು. ಅವನ ಕಣ್ಣಿಗೆ ಅದು ಬಿಳುಪಾಗಿ ಕಂಡು ಮತ್ತೆ ಮತ್ತೆ ಸುರಿದಿದ್ದ. ನಾನು ನೋಡುವ ಹೊತ್ತಿಗೆ ಅದು ಬೀಟ್‌ರೂಟನ್ನೂ ದಾಟಿ ಮತ್ತೆ ಬಿಳುಪಾಗಿತ್ತು. ಕಣ್ಣು ಸರಿಯಿಲ್ಲದವನೂ ಕಣ್ಣು ಸರಿಯಿದ್ದವಳೂ ಒಂದೇ ಸುಳ್ಳಿಗೆ ಸಾಕ್ಷಿ ಹೇಳಿದ್ದೆವು.

"ಪಿಪ್ಪಾ ಇಳಿದುಬಿಟ್ಟಿದ್ರೆ?" ಎಂದ ಡೆಸ್. ಅವನ ದನಿಯೇ ಬೇರೆಯಾಗಿತ್ತು.

"ಇಳೀಲಿಲ್ಲ. ನೀನು ಗೇಟು ತೆಗೀಲಿಲ್ಲ."

"ಕಳೆದ ವರ್ಷ ಬಿಳುಪೋ ರೋಸೋ ಗೊತ್ತಾಗ್ದೇನೇ ತೆಗೆದೆ."

ಟಾನ್ಯಾ ಅವನ ಪಕ್ಕಕ್ಕೆ ಸರಿದು ಕೂತಳು. "ಯಾಕಪ್ಪಾ ಹೇಳ್ಲಿಲ್ಲ?"

"ಹುಡುಗನಾಗಿದ್ದಾಗ ರೈಲು ಓಡಿಸ್ಬೇಕು ಅಂತ ಹೋಗಿದ್ದೆ. ದೀಪದ ಬಣ್ಣ ಕೇಳಿದ್ರು. ಕೆಂಪೋ ಹಸಿರೋ ನನಗೆ ತಿಳೀಲಿಲ್ಲ. ನಕ್ಕು ಮನೆಗೆ ಕಳಿಸಿದ್ರು. ಆಮೇಲೆ ಯಾರಿಗೂ ಹೇಳ್ಲಿಲ್ಲ, ನಿಮ್ಮಮ್ಮನಿಗೆ ಬಿಟ್ಟು. ಅವಳು ಒಂದು ಸಲಾನೂ ಅದರ ಸುದ್ದಿ ಎತ್ತಲಿಲ್ಲ. ಸುಮ್ನೆ ಪಕ್ಕಕ್ಕೆ ಬಂದು ಕೂತ್ಕೊಂಡು ಕೂಗೋಕೆ ಶುರುಮಾಡಿದ್ಲು." ಟೋಪಿಯನ್ನು ಬೆರಳಲ್ಲಿ ತಿರುಗಿಸುತ್ತ, "ಅವಳಿದ್ದಾಗ ನನಗೆ ಎಲ್ಲಾ ಬಣ್ಣಾನೂ ಕಾಣ್ತಿತ್ತು, ಹಾಂ?" ಎಂದ.

ಟಾನ್ಯಾ "ಹೂಂ" ಎಂದಳು. ಅವನ "ಹಾಂ?"ಗೆ ಯಾರಾದರೂ ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ದಿನ ಪಿಪ್ಪಾ ಈಜಲಿಲ್ಲ. ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆ ಬಿಟ್ಟುಕೊಟ್ಟರು, ಮಗು ಅದರಲ್ಲೇ ಕೆಸರಾಗುವಷ್ಟು ಕುಣಿಯಿತು. ಸಂಜೆಗೆ ಹೊರಡಬೇಕಿದ್ದ ಟಾನ್ಯಾ ಹೊರಡಲಿಲ್ಲ. ಯಂತ್ರ ನಿಲ್ಲಿಸಿ, ಒಂದಿಷ್ಟು ನೀರನ್ನು ಮೋರಿಗೆ ಬಿಟ್ಟು, ಹೊಸ ನೀರು ತುಂಬಿ, ಉಳಿದದ್ದನ್ನು ಬಿಸಿಲಿಗೆ ಒಪ್ಪಿಸಿದರು. ಬಿಸಿಲು ಕ್ಲೋರಿನ್ನನ್ನು ದಿನದಿನವೂ ಒಂದಿಷ್ಟು ತಿನ್ನುತ್ತದೆ. ದಿನಾ ಸಂಜೆ ಅಪ್ಪ ಮಾತ್ರೆ ಹಾಕುವುದು, ಮಗಳು ಬಸಿ ಹಿಡಿಯುವುದು, "ಬೀಟ್‌ರೂಟು" ಎಂದು ಇಬ್ಬರೂ ಎದ್ದು ಒಳಗೆ ಹೋಗುವುದು. ಹೊಸ ವರ್ಷ ಹತ್ತಿರವಾದ ಒಂದು ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ, ನಾಲ್ಕು ಹಿತ್ತಲುಗಳನ್ನು ದಾಟುವ ದನಿಯಲ್ಲಿ "ರೋಸು!" ಎಂಬ ಕೂಗು ಕೇಳಿಸಿತು. ಗಂಟಲು ತಾಯಿಯದೇ. ಅದರ ಹಿಂದೆಯೇ ಗೇಟಿನ ಚಿಲಕ ಕಟಕ್ಕೆಂದಿತು, ಅದರ ಹಿಂದೆಯೇ ಪುಟ್ಟದೊಂದು ದೇಹ ನೀರಿಗೆ ಬಿತ್ತು. ನನಗೆ ಕಣ್ಣು ತುಂಬಿ ದೋಸೆ ಸೀದುಹೋಯಿತು.

ಟಾನ್ಯಾ ಊರಿಗೆ ಮರಳಿದಳು. ಪಿಪ್ಪಾ ರಜೆ ಮುಗಿಯುವ ತನಕ ತಾತನ ಬಳಿಯೇ ಉಳಿಯಿತು. ಹೊರಡುವ ಮೊದಲು ಟಾನ್ಯಾ ಆ ಬಿಳಿಯ ಬಸಿಯನ್ನು ಬೇಲಿಯ ಮೇಲಿನಿಂದ ನನ್ನ ಕೈಗೆ ಕೊಟ್ಟು, "ಬೀಳ್ವಾಗ್ಲೇ ನೋಡ್ಬೇಕು" ಎಂದಷ್ಟೇ ಹೇಳಿದಳು. ಹೊಸ ಟೋಪಿಯನ್ನೂ ಅಪ್ಪನಿಗೆ ಕೊಡಿಸಿದ್ದಾಳೆ. ಅದು ಗೂಟದಲ್ಲಿದೆ; ತಲೆಯ ಮೇಲೆ ಒಣಹುಲ್ಲಿನ ಬಣ್ಣದ್ದೇ ಇದೆ. ಅದು ಹಸಿರಲ್ಲವೆಂದು ಈಗ ಅವನಿಗೆ ಗೊತ್ತು. ಗೊತ್ತಿದ್ದೂ ಯಾರಾದರೂ ಕೇಳಿದರೆ ಹಸಿರು ಎನ್ನುತ್ತಾನೆ, ನಾವು ಯಾರೂ ತಿದ್ದುವುದಿಲ್ಲ. ಈಜು ಮಾತ್ರ ಇನ್ನೂ ಇಲ್ಲ. ನೀರು ಇನ್ನೂ ಒದ್ದೆಯೇ ಇದೆಯಂತೆ.

ಇಂಥವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಬೇರೆಯವರು ನಿಶ್ಚಿಂತೆಯಿಂದ ಆಡಲೆಂದು ತಾವು ಚಿಂತೆಯ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾರೆ. ತಾವು ಕಾದದ್ದರ ಸುಖ ತಮಗೆ ಬೇಕೆಂದು ಅವರಿಗೆ ಅನಿಸುವುದೇ ಇಲ್ಲ. ಅವರ ಕಾವಲು ಎಷ್ಟು ಗಟ್ಟಿಯೆಂದರೆ, ಅದರಲ್ಲಿ ಅರ್ಧ ಪಕ್ಕದಲ್ಲಿ ಕೂತ ಇನ್ನೊಬ್ಬರದೆಂಬುದು ನಮಗೆ ತೋರುವುದಿಲ್ಲ. ಆ ಇನ್ನೊಬ್ಬರು ಎದ್ದು ಹೋದ ಮೇಲೆ, ತಮಗೇನು ಕಾಣುವುದಿಲ್ಲವೆಂದು ಹೇಳುವ ಅಭ್ಯಾಸವಿಲ್ಲದ ಇವರು, ಕಾಣುವವರಂತೆಯೇ ಮಂಡಿಯೂರಿ ಕೂತು ನಳಿಗೆಯನ್ನು ಆಕಾಶಕ್ಕೆ ಹಿಡಿಯುತ್ತಾರೆ. ನಾವು ಅದನ್ನು ಹಟವೆನ್ನುತ್ತೇವೆ, ದುಃಖವೆನ್ನುತ್ತೇವೆ, ಮುಪ್ಪೆನ್ನುತ್ತೇವೆ. ಹತ್ತಿರ ಹೋಗಿ ಪಕ್ಕದಲ್ಲಿ ಕೂರುವುದು ಮಾತ್ರ ನಮಗೆ ಹೊಳೆಯುವುದಿಲ್ಲ. ಇಂಥವರು ಸಾಮಾನ್ಯವಾಗಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳಿದ ದಿನ, ದೋಸೆ ಕಾವಲಿಯ ಮೇಲಿದ್ದರೂ ಸರಿಯೇ, ಒಲೆ ಆರಿಸಿ ಹೋಗಬೇಕು. ಇಗೋ, ಬೇಲಿಯಾಚೆಯಿಂದ ಅವನು ಕೂಗುತ್ತಿದ್ದಾನೆ: "ವಝಾ, ಬಣ್ಣ!"